ಶೀಗೆ ಹುಣ್ಣಿಮೆಯ ರಾತ್ರಿ, ಜೋಧಪುರದ ಕೋಟೆಯಲ್ಲಿ

ಪ್ರೀತಿಯ ಪುಟ್ಟಿ,

ಜೋಧಪುರದ ಜಾನಪದ ಸಂಗೀತದ ಹಬ್ಬಕ್ಕೆ ಹೋಗಿ ಬಂದದ್ದನ್ನು ಫೋನಿನಲ್ಲಿ ಎಲ್ಲ ಹೇಳ್ತೀನಿ ಅಂದಿದ್ದೆ, ಆಗಲಿಲ್ಲ. ನೀನು ಎರಡು ಮೀಟಿಂಗ್ ನಡುವೆ ಫೋನ್ ಎತ್ತಿ "ಹೇಗಿತ್ತಮ್ಮಾ" ಅಂತೀಯ, ನಾನು "ತುಂಬಾ ಚೆನ್ನಾಗಿತ್ತು" ಅಂತೀನಿ, ಅಲ್ಲಿಗೆ ಮಾತು ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಒಂದೇ ಸಲ ಓದಬೇಕು ಅಂತೇನಿಲ್ಲ. ಕಾಲ ಕೆಳಗೊಂದು ದಿಂಬು ಇಟ್ಟುಕೊಂಡು ನಿಧಾನಕ್ಕೆ ಓದು.

ನಿಮ್ಮಪ್ಪ ವಿಮಾನ ಬೇಡ ಅಂದರು, ಹುಬ್ಬಳ್ಳಿಯಿಂದ ರೈಲಿನಲ್ಲೇ ಹೋದೆವು. ಬೆಳಗಾವಿ, ಪುಣೆ, ಅಹಮದಾಬಾದ್ ಎಲ್ಲ ದಾಟಿ ಜೋಧಪುರ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊನೆಯವರೆಗೂ ಬಂತು. ಪುಣೆ ಸ್ಟೇಷನ್ನಿನಲ್ಲಿ ನಿನ್ನ ಮನೆ ಇಷ್ಟು ಹತ್ತಿರ ಇದ್ದೂ ಇಳಿಯಲಿಲ್ಲವಲ್ಲ ಅಂತ ಹೊಟ್ಟೆಯಲ್ಲಿ ಒಂಥರಾ ಆಯಿತು.

ಮೆಹ್ರಾನ್‌ಗಡ್ ಕೋಟೆಯನ್ನು ಕೆಳಗೆ ಊರಿನಿಂದ ನೋಡಬೇಕು ನೀನು. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ. 1459ರಲ್ಲಿ ರಾವ್ ಜೋಧಾ ಕಟ್ಟಲು ಶುರು ಮಾಡಿದ್ದಂತೆ. ಲಿಫ್ಟ್ ಇದೆ, ಆದರೂ ನಾನು ನಡೆದೇ ಹತ್ತಿದೆ. ಮಂಡಿ ನೋವಾಯಿತು ಬಿಡು. ಏರು ದಾರಿಯಲ್ಲಿ ಕೊನೆಗೆ ಲೋಹಾ ಪೋಲ್ ಅಂತ ಒಂದು ಬಾಗಿಲು. ಅದರ ಪಕ್ಕದ ಗೋಡೆಯಲ್ಲಿ ಸಣ್ಣ ಸಣ್ಣ ಅಂಗೈ ಗುರುತುಗಳು. ಸತಿ ಹೋದ ರಾಣಿಯರವು. ಮೇಲೆ ಕುಂಕುಮ ಮೆತ್ತಿ ಹೂವು ಏರಿಸಿದ್ದರು. ನಮ್ಮ ಕಡೆ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಕೈ ಎತ್ತಿ ಹಿಡಿದ ಹಾಗೆ ಕೆತ್ತಿರುತ್ತಾರಲ್ಲ, ಅದೇ ನೆನಪಾಯಿತು. ಒಂದೊಂದು ಕೈ ಎಷ್ಟು ಚಿಕ್ಕದು ಗೊತ್ತಾ, ನೀನು ಏಳನೇ ಕ್ಲಾಸಿನಲ್ಲಿದ್ದಾಗಿನ ಕೈಯಷ್ಟು. ನನಗೆ ಕೈ ಮುಗಿಯಲು ಮನಸ್ಸಾಗಲಿಲ್ಲ. ಸುಮ್ನೆ ನಿಂತು ನೋಡಿ ಒಳಗೆ ಹೋದೆ.

ಈ ಹಬ್ಬ 2007ರಿಂದ ನಡೆಯುತ್ತಿದೆ. ಪೂರ್ತಿ ಹೆಸರು ರಾಜಸ್ಥಾನ್ ಇಂಟರ್‌ನ್ಯಾಷನಲ್ ಫೋಕ್ ಫೆಸ್ಟಿವಲ್, ಎಲ್ಲರೂ ರಿಫ್ ಅಂತಾರೆ. ಶರದ್ ಪೂರ್ಣಿಮೆಯ ಆಸುಪಾಸಿನಲ್ಲಿ ಇಡುತ್ತಾರೆ. ಅದು ನಮ್ಮ ಶೀಗೆ ಹುಣ್ಣಿಮೆಯೇ ಕಣೇ! ಇಲ್ಲಿ ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋಗಿ ಭೂಮಿತಾಯಿಗೆ ಚರಗ ಚೆಲ್ಲುವ ದಿನ, ಅಲ್ಲಿ ಬೆಳದಿಂಗಳಲ್ಲಿ ಪಾಯಸ ಇಟ್ಟು ಕಾಯುವ ರಾತ್ರಿ. ರಾತ್ರಿ ಕಛೇರಿ ನಡೆಯುವುದು ಜನಾನಾ ಅಂಗಳದಲ್ಲಿ, ಅಂದರೆ ಒಂದು ಕಾಲಕ್ಕೆ ರಾಣಿವಾಸ ಇದ್ದ ಕಡೆ. ಸುತ್ತ ಮೂರು ನಾಲ್ಕು ಅಂತಸ್ತಿನ ಗೋಡೆ, ಗೋಡೆ ತುಂಬ ಕಲ್ಲಿನ ಜಾಲಂಧ್ರ. ಆ ತೂತುಗಳ ಹಿಂದೆ ನಿಂತು ಎಷ್ಟು ಹೆಣ್ಣುಮಕ್ಕಳು ಹೊರಗೆ ನೋಡಿರಬೇಕು ಅಂತ ನಾನು ಮೇಲೇ ನೋಡುತ್ತಾ ಕೂತಿದ್ದೆ. ಹಾಡು ಶುರುವಾದದ್ದು ಗೊತ್ತಾಗಲಿಲ್ಲ.

ಮೊದಲ ರಾತ್ರಿಯ ಒಂದು ವಿಷಯ ನನಗೆ ಸೇರಲಿಲ್ಲ. ಬೇರೆ ದೇಶದ ಡ್ರಮ್ಸ್, ಗಿಟಾರ್ ಜೊತೆ ರಾಜಸ್ಥಾನದವರ ಕಮಾಯಿಚಾ ಅನ್ನುವ ಬಿಲ್ಲಿನ ವಾದ್ಯ, ಖಡತಾಲ್ ಸೇರಿಸಿ ಹಾಡಿಸಿದರು. ಸೇರಿಸುವುದು ತಪ್ಪಲ್ಲ, ಖಡತಾಲಿನ ಹುಡುಗ ಆ ಡ್ರಮ್ಸಿನವನಿಗೆ ಸರಿಸಮ ನಿಂತ. ಎರಡು ಕೈಯಲ್ಲಿ ಎರಡೆರಡು ಮರದ ಚೂರು, ಅಷ್ಟೇ ಅವನ ವಾದ್ಯ. ನಮ್ಮ ದಾಸರ ಚಿಟಿಕೆಯ ನೆಂಟ ಅದು. ಆದರೆ ಕಮಾಯಿಚಾದ ದನಿ ಮೆತ್ತಗಿನದು, ಡ್ರಮ್ಸಿನ ಸದ್ದಿನಲ್ಲಿ ಮುಳುಗಿಯೇ ಹೋಯಿತು. ಎಪ್ಪತ್ತರ ಮುದುಕ ಕಣ್ಣು ಮುಚ್ಚಿ ಬಾರಿಸುತ್ತಿದ್ದಾರೆ, ಬಿಲ್ಲು ಹೋಗಿ ಬರುವುದು ಕಾಣುತ್ತದೆ, ದನಿ ಮಾತ್ರ ಕೇಳುವುದಿಲ್ಲ. ನನಗೆ ಅಳು ಬಂತು. ಪಕ್ಕದ ಹುಡುಗರು ಶಿಳ್ಳೆ ಹೊಡೆದು ಕುಣಿಯುತ್ತಿದ್ದರು.

ಆದರೆ ಮರುದಿನ ಅದೇ ಕಮಾಯಿಚಾ ಹತ್ತಿರದಿಂದ ಕೇಳಿದೆ. ಕೋಟೆಯ ಗೋಡೆ ಕೆಳಗೆ ಚೋಕೇಲಾವ್ ಅಂತ ಒಂದು ತೋಟ ಇದೆ. ಅಲ್ಲಿ ಹಿರಿಯ ಕಲಾವಿದರನ್ನು ಕೂರಿಸಿ ಹಾಡಿಸುತ್ತಾರೆ. ನಾನು ಚಪ್ಪಲಿ ಬಿಟ್ಟು ಎದುರಿಗೇ ಹೋಗಿ ಕೂತೆ. ಒಂದೇ ಮಾವಿನ ಮರದ ದಿಮ್ಮಿಯಿಂದ ಕೊರೆದ ವಾದ್ಯ ಅದು. ದುಂಡನೆ ಹೊಟ್ಟೆ, ಹೊಟ್ಟೆಗೆ ಮೇಕೆ ಚರ್ಮ ಬಿಗಿದಿರುತ್ತಾರೆ. ಮುಖ್ಯ ತಂತಿ ಮೂರು, ಅವು ಲೋಹದ್ದಲ್ಲ, ಕರುಳಿನವು. ಅದಕ್ಕೇ ಆ ದನಿಯಲ್ಲಿ ಮನುಷ್ಯರ ಗಂಟಲಿನ ಹಾಗೆ ಒಂಚೂರು ಒಡಕು ಇರುತ್ತದೆ. ಆ ಹಿರಿಯರು ಬಿಲ್ಲಿನ ಕುದುರೆ ಕೂದಲಿಗೆ ರಾಳ ತಿಕ್ಕಿ, ವಾದ್ಯಕ್ಕೆ ಹಣೆ ಮುಟ್ಟಿಸಿ, ಏನೋ ಹೇಳಿ ನಕ್ಕರು. ಆಮೇಲೆ ಹಾಡಿದರು. ಅದು ಹಾಲರಿಯಾ, ಮಗು ಹುಟ್ಟಿದ ಮನೆಯಲ್ಲಿ ಹಾಡುವ ಹಾಡು.

ಈ ಕಮಾಯಿಚಾ ನುಡಿಸುವ ಮಾಂಗಣಿಯಾರ್ ಅನ್ನುವ ಹಾಡುಗಾರರ ಕಥೆ ನಿನಗೆ ಹೇಳಲೇಬೇಕು. ಇವರು ಜೈಸಲ್ಮೇರ್, ಬಾಡಮೇರ್ ಕಡೆಯವರು. ಮುಸಲ್ಮಾನರು, ಆದರೆ ಹಾಡುವುದು ಹೆಚ್ಚಾಗಿ ಹಿಂದೂ ಮನೆಗಳಿಗೆ. ಕೃಷ್ಣನ ಭಜನೆಯೂ ಬರುತ್ತದೆ, ಸೂಫಿ ಹಾಡೂ ಬರುತ್ತದೆ. ಶಿಶುನಾಳ ಶರೀಫರು ಗೋವಿಂದ ಭಟ್ಟರ ಕಾಲಿಗೆ ಬಿದ್ದ ನಾಡಿನವರು ನಾವು, ಇದರಲ್ಲಿ ನಮಗೆ ಅಚ್ಚರಿ ಏನಿಲ್ಲ ಅಲ್ವಾ. ನನಗೆ ಹಿಡಿಸಿದ್ದು ಬೇರೆ. ಒಂದೊಂದು ಮಾಂಗಣಿಯಾರ್ ಮನೆತನಕ್ಕೆ ಇಂತಿಂಥ ಮನೆಗಳು ಅಂತ ತಲೆಮಾರುಗಳಿಂದ ಗೊತ್ತು ಮಾಡಿರುತ್ತಾರೆ. ಆ ಮನೆಯವರನ್ನು ಜಜಮಾನ್ ಅಂತಾರೆ, ಅಂದರೆ ನಮ್ಮ ಯಜಮಾನನೇ. ಮಗು ಹುಟ್ಟಿದರೆ, ಮದುವೆಯಾದರೆ ಇವರು ಹೋಗಿ ಹಾಡಬೇಕು, ಆ ಮನೆಯ ವಂಶಾವಳಿ ಹೇಳಬೇಕು. ಮನೆಯವರು ಕಾಳು, ಬಟ್ಟೆ, ದನ, ದುಡ್ಡು ಏನಾದರೂ ಕೊಡಬೇಕು. ಕೊಡದೆ ಕಳಿಸುವ ಹಾಗಿಲ್ಲ.

ಇದನ್ನು ಕೇಳಿದಾಗ ನನಗೆ ನಮ್ಮ ಹೆಳವರು ನೆನಪಾದರು. ನಾನು ಸಣ್ಣವಳಿದ್ದಾಗ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು. ಕಟ್ಟೆ ಮೇಲೆ ಕೂತು ನಮ್ಮ ಮುತ್ತಜ್ಜ, ಅವರಪ್ಪ, ಅವರಜ್ಜ, ಯಾವ ಊರಿನಿಂದ ಬಂದರು, ಯಾರಿಗೆ ಎಷ್ಟು ಮಕ್ಕಳು ಎಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದರು. ಆ ವರ್ಷ ಹುಟ್ಟಿದ ಮಗುವಿನ ಹೆಸರನ್ನೂ ಪಟ್ಟಿಗೆ ಸೇರಿಸುತ್ತಿದ್ದರು. ನಮ್ಮಜ್ಜ ಮೊರ ತುಂಬ ಜೋಳ ಕೊಟ್ಟು ಹೊಸ ಧೋತರ ಹೊದಿಸುತ್ತಿದ್ದರು. ನಿನ್ನ ಹೆಸರು ಆ ಪಟ್ಟಿಯಲ್ಲಿಲ್ಲ ಪುಟ್ಟಿ. ನೀನು ಹುಟ್ಟುವ ಹೊತ್ತಿಗೆ ನಾವು ಧಾರವಾಡಕ್ಕೆ ಬಂದಿದ್ದೆವು, ನಮ್ಮನ್ನು ಹುಡುಕಿಕೊಂಡು ಯಾರು ಬರುತ್ತಾರೆ? ಚೌಡಿಕೆ ಹಿಡಿದ ಜೋಗಮ್ಮ ಒಮ್ಮೆ ಗೇಟಿಗೆ ಬಂದಿದ್ದಳು. ನೀನು ಮಲಗಿದ್ದೀಯ ಅಂತ ನಾನೇ ಕೈ ಅಲ್ಲಾಡಿಸಿ ಮುಂದೆ ಹೋಗು ಅಂದೆ. ಮೇವಾತ್ ಕಡೆಯವರು ಅಲ್ಲಿ ಹಬ್ಬದಲ್ಲಿ ಭಪಂಗ್ ನುಡಿಸಿದರು. ಕಂಕುಳಲ್ಲಿ ಅವುಚಿ ಒಂದೇ ತಂತಿ ಎಳೆದು ಮಿಡಿಯುವುದು, ನಮ್ಮ ಚೌಡಿಕೆಯ ಥರಾನೇ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಇದೇ ಹಾಡಿಗೆ ನನ್ನ ಗೇಟು ಹಾಕಿದ್ದೆನಲ್ಲ ಅಂತ ಅವತ್ತು ರಾತ್ರಿ ಪೂರ್ತಿ ನಿದ್ದೆ ಬರಲಿಲ್ಲ.

ಹೇಗೂ ಎಚ್ಚರ ಇದ್ದೆ, ನಸುಕಿಗೇ ಎದ್ದು ಜಸವಂತ್ ಥಡಾಕ್ಕೆ ಹೋದೆವು. ಕೋಟೆಗೆ ಹತ್ತಿರದಲ್ಲೇ ಇರುವ ಬಿಳಿ ಅಮೃತಶಿಲೆಯ ಸಮಾಧಿ ಮಂದಿರ ಅದು, 1899ರಲ್ಲಿ ಕಟ್ಟಿದ್ದು. ಕತ್ತಲಲ್ಲೇ ಭಜನೆ ಶುರು. ಒಬ್ಬರು ಏಕತಾರಿ ಮೀಟಿ ಕಬೀರರ ಪದ ಹಾಡಿದರು. ಜನ ಕಂಬಳಿ ಹೊದ್ದು ಕೂತಿದ್ದರು, ಒಬ್ಬರೂ ಮಾತಾಡಲಿಲ್ಲ. ಮಧ್ಯದಲ್ಲಿ ಬೆಳಕು ಹರಿಯಿತು, ಎದುರಿನ ಕೋಟೆ ಮೊದಲು ಬೂದಿ ಬಣ್ಣಕ್ಕೆ, ಆಮೇಲೆ ಕೆಂಪಿಗೆ ತಿರುಗಿತು. ಇಡೀ ಹಬ್ಬದಲ್ಲಿ ಒಂದೇ ಒಂದನ್ನು ಆರಿಸು ಅಂದರೆ ನಾನು ಆ ಎರಡು ತಾಸು ಆರಿಸುತ್ತೇನೆ.

ಈ ಮಾಂಗಣಿಯಾರರಂಥವರ ಹಾಡು ಹೊರಗಿನವರಿಗೆ ತಲುಪಿದ್ದು ಸುಮ್ಮನೆ ಅಲ್ಲ. ಕೋಮಲ್ ಕೊಠಾರಿ ಅಂತ ಒಬ್ಬರಿದ್ದರು, ಕಥೆಗಾರ ವಿಜಯದಾನ್ ದೇಥಾ ಜೊತೆ ಸೇರಿ 1960ರಲ್ಲಿ ಬೋರುಂದಾ ಅನ್ನುವ ಹಳ್ಳಿಯಲ್ಲಿ ರೂಪಾಯನ್ ಸಂಸ್ಥಾನ ಕಟ್ಟಿ ವರ್ಷಾನುಗಟ್ಟಲೆ ಹಾಡುಗಳನ್ನು ಧ್ವನಿಮುದ್ರಿಸಿದರು. ನಮ್ಮಲ್ಲಿ ಎಚ್.ಎಲ್. ನಾಗೇಗೌಡರು ಮಾಡಿದರಲ್ಲ, ರಾಮನಗರದ ಜಾನಪದ ಲೋಕ, ಅದೇ ಥರದ ಕೆಲಸ. ಅದಕ್ಕೂ ಮೊದಲು ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬೀಸುವ ಹಾಡು, ಕುಟ್ಟುವ ಹಾಡು ಬರೆದಿಟ್ಟರು. ಅವರಿಗೆಲ್ಲ ಋಣಿ ನಾನು. ಆದರೆ ಆ ತೋಟದಲ್ಲಿ ಕೂತಾಗ ನನಗೆ ಅನ್ನಿಸಿದ್ದನ್ನೇ ಹೇಳುತ್ತೇನೆ. ಟೇಪಿನಲ್ಲಿಟ್ಟರೆ ಹಾಡು ಉಳಿಯುತ್ತದೆ, ನಿಜ. ಹಾಲರಿಯಾ ಮಾತ್ರ ಇಷ್ಟು ತಲೆಮಾರು ಬಂದದ್ದು ಪ್ರತಿ ಸಲ ಒಂದು ಮನೆಯವರು ಮಗು ಹುಟ್ಟಿದೆ, ಬಂದು ಹಾಡಿ ಅಂತ ಹೇಳಿ ಕಳಿಸಿದ್ದಕ್ಕೆ.

ನಾವು ಯಾರೂ ಅಜ್ಜಿಗೆ ಹಾಡು ಅಂತ ಕೇಳಲಿಲ್ಲ. ನಿನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಅವರು ಜೋಗುಳ ಶುರು ಮಾಡಿದ್ದರು. ನೆಂಟರು ಊಟಕ್ಕೆ ಕೂತಿದ್ದರು, ನಾನೇ "ಸಾಕು ಬಿಡವ್ವ, ಎಲೆ ಹಾಕಿದ್ದಾರೆ" ಅಂದುಬಿಟ್ಟೆ. ಅವ್ವ ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಯಾವತ್ತೂ ಜೋರಾಗಿ ಹಾಡಿದ್ದು ನಾನು ಕೇಳಿಲ್ಲ, ಒಬ್ಬರೇ ಅಕ್ಕಿ ಆರಿಸುವಾಗ ಗುನುಗುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು.

ಈಗ ನೀನು ಬಾಣಂತನಕ್ಕೆ ಬರುತ್ತೀಯ. ಕುಬಸದ ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ, ಅಳಿಯಂದಿರಿಗೆ ರಜೆ ಮೊದಲೇ ಹೇಳಿಡು ಅನ್ನು. ತೊಟ್ಟಿಲ ದಿನ ನಾನು ಹಾಡುತ್ತೇನೆ. ದನಿ ಚೆನ್ನಾಗಿಲ್ಲ ಅಂತ ನೀನು ಮೊಬೈಲಿನಲ್ಲಿ ಬೇರೆ ಜೋಗುಳ ಹಾಕಬೇಡ. ಅಜ್ಜಿಯ ಹಾಡಿನಲ್ಲಿ ಐದು ನುಡಿ ಇತ್ತು, ನನಗೆ ಮೂರು ಬರುತ್ತದೆ. ಸೋದರಮಾವ ಬಂದು ತೊಟ್ಟಿಲು ತೂಗುವ ನುಡಿ, ಮಗು ಅತ್ತರೆ ಮೊಲ್ಲೆ ಹೂವು ಬಾಡುತ್ತದೆ ಅನ್ನುವ ನುಡಿ, ಕೊನೆಯದೊಂದು. ಗದುಗಿನ ಚಿಕ್ಕಮ್ಮನಿಗೆ ನಿನ್ನೆ ರಾತ್ರಿ ಫೋನ್ ಮಾಡಿದ್ದೆ. ಪಾಪ, ಅವರಿಗೆ ಈಗ ಕಿವಿ ಮಂದ. ನಾನು ಜೋರಾಗಿ ಮೂರು ಹಾಡಿ ತೋರಿಸಿದೆ, ಆ ಕಡೆ ಸುಮಾರು ಹೊತ್ತು ಮಾತೇ ಇಲ್ಲ. ಫೋನ್ ಕಟ್ ಆಯಿತೇನೋ ಅಂದುಕೊಂಡೆ. ಆಮೇಲೆ ಮೆತ್ತಗೆ ನಾಲ್ಕನೆಯದನ್ನು ಎತ್ತಿಕೊಂಡರು. ಹಳೆ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಿದ್ದೇನೆ. ಇನ್ನೊಂದು ನುಡಿ ಬಾಕಿ ಇದೆ, ಭಾನುವಾರ ಬಾ ಅಂದಿದ್ದಾರೆ, ಹೋಗಿ ಬರುತ್ತೇನೆ. ಹೋಗುವಾಗ ಅಜ್ಜಿಯ ಎರಡು ಇಳಕಲ್ ಸೀರೆಯನ್ನೂ ಒಯ್ಯುತ್ತೇನೆ, ಮಗುವಿಗೆ ಕೌದಿ ಹೊಲಿಯಲು ಚಿಕ್ಕಮ್ಮನ ಕೈಯೇ ಚೆನ್ನ.

ನಿನ್ನ
ಅಮ್ಮ