ನೋವಿಲ್ಲದ ಹಲ್ಲಿಗೂ ಪರೀಕ್ಷೆ

ಮಾಲ್ಮೊ, ಸ್ವೀಡನ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ನೋವಿಲ್ಲದ ಹಲ್ಲನ್ನು ಡಾಕ್ಟರಿಗೆ ತೋರಿಸುವುದು ದಂಡದ ಖರ್ಚೆಂದು ನೀವು ಕಳೆದ ಪತ್ರದಲ್ಲಿ ಬರೆದಿದ್ದಿರಿ. ಆದರೆ ವಸಡಿನ ರೋಗ ಬಹುಪಾಲು ನೋವಿಲ್ಲದೆಯೇ ಬೆಳೆಯುತ್ತದೆ. ಹುಳುಕು ಕೂಡ ಹಲ್ಲಿನ ಒಳಭಾಗಕ್ಕೆ ಇಳಿಯುವವರೆಗೆ ಸಾಮಾನ್ಯವಾಗಿ ಸುಮ್ಮನಿರುತ್ತದೆ.

ಇಲ್ಲಿನ ದಂತವೈದ್ಯರು ಈಗಿರುವ ಹುಳುಕನ್ನು ನೋಡುವುದರ ಜೊತೆಗೆ, ಮುಂದೆ ಹುಳುಕಾಗುವ ಸಂಭವ ಎಷ್ಟೆಂಬುದನ್ನೂ ಅಂದಾಜು ಮಾಡುತ್ತಾರೆ. ಇದಕ್ಕಾಗಿ ದಂತವೈದ್ಯಕೀಯ ಪ್ರಾಧ್ಯಾಪಕ ಡಗ್ಲಾಸ್ ಬ್ರಾಟ್‌ಹಾಲ್ ಅವರು 1990ರ ದಶಕದಲ್ಲಿ ಇದೇ ಊರಿನಲ್ಲಿ ಕ್ಯಾರಿಯೋಗ್ರಾಮ್ ಎಂಬ ಕಂಪ್ಯೂಟರ್ ವಿಧಾನವನ್ನು ರೂಪಿಸಿದರು. ಹಿಂದಿನ ಹುಳುಕು, ಆಹಾರ, ಹಲ್ಲಿನ ಮೇಲಿನ ಪಾಚಿ, ಫ್ಲೋರೈಡ್ ಬಳಕೆ, ಜೊಲ್ಲಿನ ಪ್ರಮಾಣ ಮುಂತಾದ ವಿವರಗಳನ್ನು ತುಂಬಿದರೆ ಐದು ಬಣ್ಣಗಳ ವೃತ್ತವೊಂದು ಮೂಡುತ್ತದೆ. ಅದರಲ್ಲಿ ಹಸಿರು ಭಾಗ ಎಷ್ಟು ದೊಡ್ಡದೋ ಹುಳುಕಿನಿಂದ ಪಾರಾಗುವ ಸಂಭವ ಅಷ್ಟು ಹೆಚ್ಚು. ಜೊಲ್ಲನ್ನು ಅಳೆಯಲು ಮೇಣದ ತುಂಡನ್ನು ಅಗಿಸಿ, ಬಂದ ಜೊಲ್ಲನ್ನು ಅಳತೆಯ ಲೋಟಕ್ಕೆ ಉಗುಳಿಸುತ್ತಾರೆ. ಅದು ನಿಮಿಷಕ್ಕೆ 0.7 ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಹಲ್ಲಿಗೆ ಅಪಾಯ. ರಕ್ತದೊತ್ತಡದ ಕೆಲವು ಮಾತ್ರೆಗಳೂ ಬಾಯಿಯನ್ನು ಒಣಗಿಸುವುದರಿಂದ ಅಮ್ಮನ ಮಾತ್ರೆಯ ಚೀಟಿಯನ್ನು ದಂತವೈದ್ಯರಿಗೆ ತೋರಿಸಿರಿ.

ಸಿಹಿಯನ್ನು ಎಷ್ಟು ತಿನ್ನುತ್ತೀರಿ ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ತಿನ್ನುತ್ತೀರಿ ಎಂಬುದನ್ನೇ ಇಲ್ಲಿ ಹೆಚ್ಚು ವಿಚಾರಿಸುತ್ತಾರೆ. 1940ರ ದಶಕದಲ್ಲಿ ಸಮೀಪದ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ, ಬುದ್ಧಿಮಾಂದ್ಯರಾದ ನಿವಾಸಿಗಳಿಗೆ ಊಟಗಳ ನಡುವೆ ಅಂಟುವ ಟಾಫಿಯನ್ನು ಕೊಟ್ಟು ಹಲ್ಲು ಹಾಳಾಗುವುದನ್ನು ಗಮನಿಸಿದ್ದರು. ತಿಳಿದು ಒಪ್ಪಿಗೆ ಕೊಡಲಾಗದವರ ಬಾಯಿಯನ್ನು ಹೀಗೆ ಕೆಡಿಸಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ಊಟಗಳ ನಡುವೆ ಪದೇ ಪದೇ ಸಿಹಿ ತಿಂದರೆ ಹಲ್ಲು ಹೆಚ್ಚು ಹಾಳಾಗುತ್ತದೆಂಬ ಅದರ ಪಾಠವನ್ನು ಇಂದಿಗೂ ಹೇಳುತ್ತಾರೆ. ಅಮ್ಮ ಸಕ್ಕರೆ ಹಾಕಿದ ಕಾಫಿಯನ್ನು ಬೆಳಗಿನಿಂದ ಸಂಜೆಯವರೆಗೆ ಅರ್ಧರ್ಧ ಲೋಟ ಕುಡಿಯುವುದಕ್ಕಿಂತ, ತಿಂಡಿಯ ಜೊತೆಗೆ ಒಂದೇ ಸಲ ಕುಡಿದು ಮುಗಿಸುವುದು ಲೇಸು.

ನಿಮಗೆ ಮಧುಮೇಹವಿರುವುದರಿಂದ ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಚಿಂತೆಯಿರುವುದು ವಸಡಿನದು. ಮಿಲಿಮೀಟರ್ ಗುರುತುಗಳಿರುವ ತೆಳುವಾದ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಆರು ಕಡೆ ವಸಡಿನ ಸಂದಿಯ ಆಳವನ್ನು ಅಳೆದು, ರಕ್ತ ಜಿನುಗಿತೇ ಎಂಬುದನ್ನೂ ಬರೆದುಕೊಳ್ಳುತ್ತಾರೆ. 3 ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಅದಕ್ಕಿಂತ ಆಳವಿದ್ದರೆ ಎಕ್ಸ್‌ರೇ ತೆಗೆದು ಮೂಳೆ ಎಷ್ಟು ಸವೆದಿದೆಯೆಂದು ನೋಡಬೇಕಾಗಬಹುದು. 2018ರಲ್ಲಿ ಪ್ರಕಟವಾದ ವಸಡಿನ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ, ವಸಡಿನ ರೋಗವಿರುವ ಮಧುಮೇಹಿಯ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ತೋರಿಸುವ ಅಳತೆ) ಶೇ. 7 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ರೋಗ ವೇಗವಾಗಿ ಮುಂದುವರಿಯಬಹುದಾದ ಗುಂಪಿಗೆ ಅವರನ್ನು ಸೇರಿಸುತ್ತಾರೆ. ದಿನಕ್ಕೆ ಹತ್ತು ಅಥವಾ ಹೆಚ್ಚು ಸಿಗರೇಟು ಸೇದುವವರೂ ಅದೇ ಗುಂಪಿನವರು. ಚಿಕ್ಕಪ್ಪನಿಗೆ ಇದನ್ನು ಓದಿ ಹೇಳಿರಿ. ಧೂಮಪಾನವು ವಸಡಿನ ರಕ್ತಸ್ರಾವವನ್ನು ಮರೆಮಾಚುವುದರಿಂದ, ರಕ್ತ ಬರುತ್ತಿಲ್ಲವೆಂದು ಅವರು ನಿಶ್ಚಿಂತರಾಗುವಂತಿಲ್ಲ. ವಸಡಿಗೆ ಸರಿಯಾದ ಚಿಕಿತ್ಸೆಯಾದರೆ ಸಕ್ಕರೆಯ ಮಟ್ಟವೂ ಸ್ವಲ್ಪ ಇಳಿಯುವುದುಂಟು.

ಮುಂದಿನ ಸಲ ಸಕ್ಕರೆಯ ಪರೀಕ್ಷೆಗೆ ಹೋದಾಗ ಆ ವರದಿಯೊಂದಿಗೆ ದಂತವೈದ್ಯರ ಬಳಿಗೂ ಹೋಗಿ, ವಸಡಿನ ಆಳವನ್ನು ಅಳೆಯಿರೆಂದು ನೀವಾಗಿಯೇ ಕೇಳಬೇಕು. ಅವರು ಬರೆದುಕೊಟ್ಟ ಅಂಕಿಗಳನ್ನು ನನಗೆ ಕಳುಹಿಸಿರಿ; ಖರ್ಚು ನನ್ನದು.

ಇಂತಿ ನಿಮ್ಮ ಪ್ರೀತಿಯ ಮಗಳು