ಸ್ಪೀಕರ್ ಒಳಗಿಡಿ, ಹನಿ ಮಡಕೆ ತೂಗುಹಾಕಿ

ಮಾನ್ಯರೇ,

ಬೇಸಿಗೆ ರಜೆ ಬಂತೆಂದರೆ ಜೊಯಿಡಾ, ದಾಂಡೇಲಿ ಭಾಗದ ಹೋಮ್‌ಸ್ಟೇಗಳು ಭರ್ತಿ. ಈಗ ರಾಫ್ಟಿಂಗ್‌ಗೆ ಬರುವವರ ಜೊತೆಗೆ ಉದ್ದನೆಯ ಲೆನ್ಸ್ ಹೊತ್ತು ಹಕ್ಕಿ ನೋಡಲು ಬರುವವರೂ ಬಹಳ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇರಿಸುತ್ತಿದ್ದ ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್ ಇಂದು ಹಕ್ಕಿಗಳ ನೀರಿನ ತೊಟ್ಟಿಗಳಿಂದಾಗಿ ದೇಶಕ್ಕೆಲ್ಲ ಪರಿಚಿತ. ಅದನ್ನು ನೋಡಿ ಸುತ್ತಲಿನವರೂ ಹಿತ್ತಲಲ್ಲಿ ತೊಟ್ಟಿ ಇಟ್ಟಿದ್ದಾರೆ. ಕಾಡು ಉಳಿದರೆ ಮನೆಗೂ ನಾಲ್ಕು ಕಾಸು ಬರುತ್ತದೆ ಎಂದಾಗಿರುವುದು ಸಂತೋಷದ ಸಂಗತಿ. ಆಕ್ಷೇಪವಿರುವುದು ಅತಿಥಿಗೆ ಹಕ್ಕಿ ತೋರಿಸಲೇಬೇಕೆಂಬ ಹಟಕ್ಕೆ. ಬ್ಲೂಟೂತ್ ಸ್ಪೀಕರ್‌ನಲ್ಲಿ ಕೂಗು ಹಾಕಿ ಹಕ್ಕಿ ಕರೆಸುವುದು, ಗೂಡಿನ ಬುಡಕ್ಕೇ ಜನರನ್ನು ಕರೆದೊಯ್ಯುವುದು ಕೆಲವೆಡೆ ದಿನಚರಿಯೇ ಆಗಿಬಿಟ್ಟಿದೆ.

ಕೂಗು ಕೇಳಿ ಹಾರಿ ಬರುವ ಹಕ್ಕಿ ನಮ್ಮ ಕರೆಗೆ ಓಗೊಟ್ಟು ಬರುವುದಿಲ್ಲ. ತನ್ನ ಸರಹದ್ದಿಗೆ ಇನ್ನೊಂದು ಗಂಡು ನುಗ್ಗಿದೆ ಎಂದು ಜಗಳಕ್ಕೆ ಬರುತ್ತದೆ. ಆ ಹೊತ್ತಿನಲ್ಲಿ ಅದು ಮೇಯುತ್ತಿಲ್ಲ, ಮರಿಗೆ ಉಣಿಸುತ್ತಿಲ್ಲ, ಗೂಡು ಕಾಯುತ್ತಿಲ್ಲ. ಒಂದು ತಂಡ ಐದು ನಿಮಿಷ ಹಾಕಿದರೆ ಸಹಿಸಿಕೊಂಡೀತು. ಬೆಳಿಗ್ಗೆ ಒಂದು ತಂಡ, ಸಂಜೆ ಇನ್ನೊಂದು, ಅದೇ ಪೊದೆ, ಅದೇ ಹಕ್ಕಿ ಎಂದಾದರೆ ಅದು ಜಾಗವನ್ನೇ ಬಿಡಬಹುದು.

ರಜೆಯ ತಿಂಗಳುಗಳೇ ಇಲ್ಲಿ ಗೂಡಿನ ತಿಂಗಳುಗಳೂ ಹೌದು. 2011ರಲ್ಲಿ ಕಾಳಿ ನದಿಯ ಆಸುಪಾಸಿನ 52.5 ಚದರ ಕಿಲೋಮೀಟರ್ ಕಾಡನ್ನು ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಈ ಭಾಗದಲ್ಲಿ ನಾಲ್ಕು ಜಾತಿಯ ಹಾರ್ನ್‌ಬಿಲ್‌ಗಳು, ಅಂದರೆ ಮಂಗಟ್ಟೆಗಳಿವೆ. ದೊಡ್ಡ ಮಂಗಟ್ಟೆಯ ಹೆಣ್ಣು ಮರದ ಪೊಟರೆ ಹೊಕ್ಕು, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೇ ರೆಕ್ಕೆಗರಿ ಉದುರಿಸುವುದರಿಂದ ಎದ್ದು ಹಾರುವಂತಿಲ್ಲ. ಅದರ ಊಟವೆಲ್ಲ ಗಂಡು ತಂದದ್ದೇ, ಹೆಚ್ಚಾಗಿ ಅತ್ತಿ, ಬಸರಿಯಂಥ ಹಣ್ಣುಗಳು. ಗಂಡು ನೇರ ಗೂಡಿಗೆ ಬರದೆ ದೂರದ ಮರದಲ್ಲಿ ಕೂತು ಸುತ್ತ ನೋಡುತ್ತದೆ. ಕೆಳಗೆ ಜನ ನಿಂತಿದ್ದರೆ ಕಾಯುತ್ತದೆ, ಜನ ಕದಲದಿದ್ದರೆ ಹಣ್ಣು ಗಂಟಲಲ್ಲೇ ಇಟ್ಟುಕೊಂಡು ಹಿಂದಿರುಗುತ್ತದೆ. ಒಳಗಿನ ಹೆಣ್ಣು, ಮರಿಗೆ ಆ ಹೊತ್ತು ಉಪವಾಸ.

ಕಪ್ಪೆಬಾಯಿ ಹಕ್ಕಿಯದು (ಫ್ರಾಗ್‌ಮೌತ್) ಇನ್ನೂ ಸೂಕ್ಷ್ಮ. ಪಾಚಿಯಿಂದ ಮಾಡಿದ ಪುಟ್ಟ ಮೆತ್ತೆಯಂಥ ಗೂಡಿನಲ್ಲಿ ಒಂದೇ ಮೊಟ್ಟೆ. ಹಗಲಲ್ಲಿ ಗಂಡು ಒಣ ಎಲೆಯಂತೆ ಅಲುಗದೆ ಕಾವು ಕೊಡುತ್ತಿರುತ್ತದೆ. ಫೋಟೊಗೆ ಅಡ್ಡ ಬರುತ್ತದೆಂದು ಎದುರಿನ ಟೊಂಗೆ ಬಾಗಿಸಿ ಕಟ್ಟಿದರೆ ಅಲ್ಲಿಗೆ ಬಿಸಿಲು ಬೀಳುತ್ತದೆ, ಕಾಗೆಯ ಕಣ್ಣೂ ಬೀಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆಯೊಳಗೆ ಕಾಡುಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದೂ ಸೇರಿದೆ ಎಂಬುದನ್ನು ಗೈಡ್‌ಗಳಿಗೆ ಹೇಳಿಕೊಡಬೇಕು. ಗೂಡಿನ ಫೋಟೊ ಹಂಚುವವರು ಮೊಬೈಲ್ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿರಲಿ.

ಹಾಗಾದರೆ ಅತಿಥಿಗೆ ಹಕ್ಕಿ ತೋರಿಸುವುದು ಹೇಗೆ? ತೊಟ್ಟಿಕ್ಕುವ ನೀರಿನ ಸದ್ದು ಸಾಕು. ಐದು ಲೀಟರ್ ಮಡಕೆಯ ತಳಕ್ಕೆ ದಬ್ಬಣದಷ್ಟು ತೂತು ಕೊರೆದು, ಹತ್ತಿಯ ಬತ್ತಿ ತೂರಿಸಿ, ತೊಟ್ಟಿಯ ಮೇಲೆ ಮೂರು ಅಡಿ ಎತ್ತರಕ್ಕೆ ತೂಗುಹಾಕಿ. ಸೆಕೆಂಡಿಗೊಂದು ಹನಿ ಬಿದ್ದರೆ ಒಂದು ಹಗಲಿಗೆ ಧಾರಾಳ. ತೂತು ದೊಡ್ಡದಾದರೆ ನೀರು ಧಾರೆಯಾಗಿ ಸುರಿದು ಬೇಗ ಬರಿದಾಗುತ್ತದೆ. ಬತ್ತಿಗೆ ಕೊಳೆ ಕಟ್ಟಿದರೆ ಹನಿ ನಿಲ್ಲುತ್ತದೆ, ಆದ್ದರಿಂದ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಬೇಕು.

ತೊಟ್ಟಿ ಆಳವಿರಬಾರದು. ಅಂಚಿನಲ್ಲಿ ಎರಡು ಸೆಂಟಿಮೀಟರ್, ನಡುವೆ ಹೆಚ್ಚೆಂದರೆ ಐದು. ನುಣುಪಾದ ಸಿಮೆಂಟಿನಲ್ಲಿ ಕಾಲು ಜಾರುತ್ತದೆ, ತಳಕ್ಕೆ ಒರಟು ಕಲ್ಲು ಹಾಸಿ. ಸುತ್ತ ಎರಡು ಮೀಟರ್ ಬಯಲಿರಲಿ, ಇಲ್ಲದಿದ್ದರೆ ಬೆಕ್ಕು ಹೊಂಚು ಹಾಕುತ್ತದೆ. ಅದರಾಚೆ ಒದ್ದೆ ರೆಕ್ಕೆಯಲ್ಲಿ ಹಾರಿ ಕೂರಲು ಪೊದೆ ಬೇಕು. ನೀರು ದಿನವೂ ಬದಲಾಗಬೇಕು. ವಾರ ಬಿಟ್ಟರೆ ಸೊಳ್ಳೆ ಹುಟ್ಟುತ್ತದೆ, ಹಿಕ್ಕೆ ಬಿದ್ದ ನೀರಿನಿಂದ ಹಕ್ಕಿಯಿಂದ ಹಕ್ಕಿಗೆ ರೋಗ ಹರಡುತ್ತದೆ. ಬ್ರಷ್‌ನಿಂದ ಉಜ್ಜಿ ಬಿಸಿಲಿಗೆ ಒಣಗಿಸಿದರಾಯಿತು, ಫಿನೈಲ್ ಮುಟ್ಟಿಸಲೇಬೇಡಿ. ಬೇಸಿಗೆಯಲ್ಲಿ ಹಕ್ಕಿಗಳು ಹೆಚ್ಚಾಗಿ ಮಧ್ಯಾಹ್ನ ಮೂರರ ಮೇಲೆ ಮೀಯಲು ಬರುತ್ತವೆ. ನೋಡುಗರು ಕೂರುವ ಮರೆಯನ್ನು ಪಶ್ಚಿಮಕ್ಕೆ, ತೊಟ್ಟಿಯಿಂದ ಐದು ಮೀಟರ್ ದೂರದಲ್ಲಿ ಕಟ್ಟಿದರೆ ಬಿಸಿಲು ಬೆನ್ನಿಗಿದ್ದು ಫ್ಲ್ಯಾಶ್ ಬೇಕಾಗುವುದೇ ಇಲ್ಲ.

ಹೊಸ ಕಾಟೇಜ್‌ಗಳ ದೊಡ್ಡ ಗಾಜಿಗೂ ಹಕ್ಕಿಗಳು ಬಡಿದು ಸಾಯುತ್ತವೆ. ಒಂದೆರಡು ಗಿಡುಗದ ಸ್ಟಿಕರ್‌ನಿಂದ ಪ್ರಯೋಜನವಿಲ್ಲ. ಗಾಜಿನ ಹೊರಮೈ ತುಂಬ ಐದು ಸೆಂಟಿಮೀಟರ್‌ಗೊಂದರಂತೆ ಚುಕ್ಕೆ ಅಂಟಿಸಬೇಕು.

ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ಹೋಮ್‌ಸ್ಟೇ ನೋಂದಣಿ ನವೀಕರಿಸುವಾಗ ಕೂಗು ಹಾಕಿ ಹಕ್ಕಿ ಕರೆಸುವುದಿಲ್ಲ, ಗೂಡಿನ ಬಳಿ ಪ್ರವಾಸಿಗರನ್ನು ಒಯ್ಯುವುದಿಲ್ಲ ಎಂಬ ಎರಡು ಷರತ್ತು ಸೇರಿಸಲಿ. ಜನವರಿಯಿಂದ ಮೇವರೆಗೆ ಗೂಡುಮರಗಳ ದಾರಿಗೆ ಸ್ಥಳೀಯ ಹುಡುಗರನ್ನೇ ಕೂಲಿ ಕೊಟ್ಟು ಕಾವಲಿಗೆ ಹಾಕಲಿ. ಯಾವ ಮರದಲ್ಲಿ ಯಾವ ವರ್ಷ ಗೂಡಾಯಿತು ಎಂಬುದು ಅವರಿಗೆ ಬಾಯಿಪಾಠ.

– ಪಕ್ಷಿವೀಕ್ಷಕರು, ಜೊಯಿಡಾ ತಾಲ್ಲೂಕು