ಆರು ಚಕ್ರದ ಕಾರು ಕೆಟ್ಟದ್ದು ಟೈರಿನಿಂದ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ರೇಸಿನ ವಿಚಿತ್ರ ಕಾರುಗಳ ಬಗ್ಗೆ ಒಂದು ಪುಟ ಬಂದಿತ್ತು. ಅದರಲ್ಲಿ ಟಿರೆಲ್ ಪಿ34 ಎಂಬ ಆರು ಚಕ್ರದ ಫಾರ್ಮುಲಾ ಒನ್ ಕಾರಿಗೆ ನಾಲ್ಕೇ ಸಾಲು ಕೊಟ್ಟು, ತಮಾಷೆಗೆ ಮಾಡಿದ ಗಾಡಿ ಎನ್ನುವ ಧಾಟಿಯಲ್ಲಿ ಮುಗಿಸಿದ್ದೀರಿ. ಪಕ್ಕದ ಫೋಟೋ ಕೂಡ ಆ ಕಾರಿನದ್ದಲ್ಲ. ಫೋಟೋದಲ್ಲಿ ಮುಂದೆ ಎರಡು, ಹಿಂದೆ ನಾಲ್ಕು ಚಕ್ರ ಇವೆ. ಅದು ವಿಲಿಯಮ್ಸ್ ತಂಡ 1982ರಲ್ಲಿ ಓಡಿಸಿ ನೋಡಿದ ಗಾಡಿ, ಒಂದು ರೇಸಿಗೂ ಇಳಿಯಲಿಲ್ಲ. ಟಿರೆಲ್‌ಗೆ ಮುಂದೆ ನಾಲ್ಕು, ಹಿಂದೆ ಎರಡು. ಹೋಗಲಿ, ಫೋಟೋ ಎಲ್ಲರಿಗೂ ಅದಲುಬದಲಾಗುತ್ತದೆ. ಆದರೆ ನಾನು ದಾವಣಗೆರೆ ಬೈಪಾಸಿನಲ್ಲಿ ಟೈರ್ ಅಂಗಡಿ ಇಟ್ಟುಕೊಂಡವನು. ವ್ಹೀಲ್ ಅಲೈನ್‌ಮೆಂಟ್ ನಮ್ಮ ಅನ್ನ. ಆ ಕಾರನ್ನು ತಮಾಷೆ ಅಂದದ್ದು ಮಾತ್ರ ನನಗೆ ತಡೆಯಲಿಲ್ಲ.

ಮೊದಲು ಅದು ಏನು ಮಾಡಿತು ನೋಡಿ. 1976ರ ಹಂಗಾಮಿನಲ್ಲಿ 16 ರೇಸು. ಮೊದಲ ಮೂರಕ್ಕೆ ಟಿರೆಲ್ ತಂಡ ತನ್ನ ಹಳೆಯ 007 ಕಾರನ್ನೇ ತಂದಿತ್ತು. ಮೇ ತಿಂಗಳಲ್ಲಿ ಸ್ಪೇನಿನ ಹರಾಮಾದಲ್ಲಿ ತಂಡದ ಡ್ರೈವರ್ ಪ್ಯಾಟ್ರಿಕ್ ದೆಪಾಯೆ ಆರು ಚಕ್ರದ್ದನ್ನು ಮೊದಲ ಬಾರಿ ರೇಸಿಗೆ ಇಳಿಸಿದ. ಮೂರನೇ ಜಾಗದಿಂದ ಹೊರಟ, ರೇಸು ಮುಗಿಸಲಾಗಲಿಲ್ಲ. ಅದೇ ತಿಂಗಳು ಮೊನಾಕೊದಲ್ಲಿ ತಂಡದ ಇನ್ನೊಬ್ಬ ಡ್ರೈವರ್ ಜೋಡಿ ಶೆಕ್ಟರ್ ಎರಡನೇ, ದೆಪಾಯೆ ಮೂರನೇ. ಜೂನ್ 13ಕ್ಕೆ ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಶೆಕ್ಟರ್ ಮೊದಲ, ದೆಪಾಯೆ ಎರಡನೇ. ಮುಂದೆ ಓಡುತ್ತಿದ್ದ ಮಾರಿಯೋ ಆಂಡ್ರೆಟ್ಟಿಯ ಲೋಟಸ್ ಕಾರು ಎಂಜಿನ್ ಕೆಟ್ಟು ನಿಂತದ್ದು ನಿಜ. ಆದರೆ ಅವತ್ತು ಸಾಲಿನಲ್ಲಿ ಮೊದಲ ಜಾಗ ಹಿಡಿದವನೂ ಶೆಕ್ಟರೇ ಅಲ್ವಾ?

ಅಲ್ಲಿಂದ ಫ್ರಾನ್ಸ್, ಬ್ರಿಟನ್, ಜರ್ಮನಿ, ಕೆನಡಾ, ಅಮೆರಿಕ, ಜಪಾನ್, ಇಷ್ಟೂ ಕಡೆ ಎರಡನೇ ಸ್ಥಾನ. ಸೇರಿಸಿದರೆ 13 ರೇಸಿನಲ್ಲಿ ಒಂದು ಗೆಲುವು, ಎಂಟು ಎರಡನೇ ಸ್ಥಾನ. ಜರ್ಮನಿಯದ್ದು 22 ಕಿಲೋಮೀಟರಿಗೂ ಉದ್ದದ ಹಳೆಯ ನುರ್ಬರ್ಗ್‌ರಿಂಗ್, ನಿಕಿ ಲಾಡಾ ಬೆಂಕಿಗೆ ಸಿಕ್ಕ ರೇಸು ಅದೇ. ಅಂಥ ದಾರಿಯಲ್ಲೂ ಶೆಕ್ಟರ್ ಎರಡನೆಯವನಾಗಿ ಬಂದ. ವರ್ಷದ ಕೊನೆಗೆ ಡ್ರೈವರುಗಳ ಪಟ್ಟಿಯಲ್ಲಿ ಜೇಮ್ಸ್ ಹಂಟ್, ಲಾಡಾ ಬಿಟ್ಟರೆ ಇವರಿಬ್ಬರೇ: ಶೆಕ್ಟರ್ 49 ಅಂಕ, ದೆಪಾಯೆ 39. ಆಗ ಪ್ರತಿ ರೇಸಿನಲ್ಲೂ ಮುಂದೆ ಬಂದ ಒಂದೇ ಕಾರಿನ ಅಂಕ ತಂಡದ ಲೆಕ್ಕಕ್ಕೆ ಸೇರುತ್ತಿತ್ತು; ಹಾಗೆ ತಂಡಕ್ಕೆ 71 ಅಂಕ, ಮೂರನೇ ಸ್ಥಾನ. ಹಳೆ ಕಾರಿನಲ್ಲಿ ಬಂದ ಅಂಕವೂ ಅದರಲ್ಲಿ ಸೇರಿದೆ ಎಂದು ಯಾರಾದರೂ ತಗಾದೆ ತೆಗೆದರೆ ಒಪ್ಪುತ್ತೇನೆ. ಆದರೂ ಇದು ತಮಾಷೆ ಗಾಡಿಯ ಲೆಕ್ಕ ಅಲ್ಲ.

ಇನ್ನು ‘ಹಿಡಿತಕ್ಕಾಗಿ ಎರಡು ಚಕ್ರ ಜಾಸ್ತಿ ಹಾಕಿದರು’ ಎಂದು ಬರೆದಿದ್ದೀರಿ. ವಿಷಯ ಹೊರಟದ್ದು ಅಲ್ಲಿಂದಲ್ಲ, ಗಾಳಿಯಿಂದ. ಆಗ ಹೆಚ್ಚಿನ ಇಂಗ್ಲಿಷ್ ತಂಡಗಳ ಹತ್ತಿರ ಇದ್ದದ್ದು ಒಂದೇ ಎಂಜಿನ್, ಕಾಸ್ವರ್ತ್ ಡಿಎಫ್‌ವಿ. ಕೆನ್ ಟಿರೆಲ್ ಮರದ ವ್ಯಾಪಾರಿ, ಮರದ ಅಂಗಳದಲ್ಲೇ ತಂಡ ನಡೆಸುತ್ತಿದ್ದವರು. ಅವರ ಹತ್ತಿರವೂ ಅದೇ. ಎಂಜಿನ್ನಿನಲ್ಲಿ ಮುಂದೆ ಹೋಗಲಾಗದು ಅಂದ ಮೇಲೆ ಅವರ ಡಿಸೈನರ್ ಡೆರೆಕ್ ಗಾರ್ಡ್ನರ್ ಕಣ್ಣು ಹಾಕಿದ್ದು ಮುಂದಿನ ಚಕ್ರದ ಮೇಲೆ. ನಿಯಮದ ಪ್ರಕಾರ ಕಾರಿನ ಮೂತಿ ಒಂದೂವರೆ ಮೀಟರ್ ಅಗಲ ಇರಬಹುದಿತ್ತು. ಮಾಮೂಲಿ ದೊಡ್ಡ ಚಕ್ರ ಆ ಮೂತಿಗಿಂತ ಮೇಲೆ, ಆಚೆಗೆ ಚಾಚಿಕೊಂಡಿರುತ್ತದೆ. ತಿರುಗುವ ಚಕ್ರಕ್ಕೆ ಗಾಳಿ ಬಡಿದರೆ ಎಳೆತ ಜಾಸ್ತಿ, ಮುಂಭಾಗ ಮೇಲಕ್ಕೇಳುತ್ತದೆ. ಚಕ್ರವನ್ನು ಚಿಕ್ಕದು ಮಾಡಿ ಮೂತಿಯ ಮರೆಯಲ್ಲಿ ಬಚ್ಚಿಟ್ಟರೆ? ಅದಕ್ಕೇ 13 ಇಂಚಿನ ಬದಲು 10 ಇಂಚಿನ ರಿಮ್. ಹಳೆ ಚೇತಕ್ ಸ್ಕೂಟರಿನ ಅಳತೆ ಅದು. ನಮ್ಮ ಮಾರುತಿ 800ಕ್ಕೂ 12 ಇಂಚು! ಅಷ್ಟು ಚಿಕ್ಕ ಟೈರ್ ಎರಡೇ ಇದ್ದರೆ ರಸ್ತೆಗೆ ತಾಗುವ ರಬ್ಬರ್ ಸಾಲದು. ಹಾಗಾಗಿ ನಾಲ್ಕು. ಹಿಡಿತವೂ ಬ್ರೇಕೂ ಅದರ ಜೊತೆಗೆ ಬಂದ ಲಾಭ. ಹಿಂದಿನ ಟೈರ್ ದೊಡ್ಡದಾಗಿಯೇ ಉಳಿದಿದ್ದರಿಂದ ನೇರ ರಸ್ತೆಯ ವೇಗದಲ್ಲಿ ಅಂದುಕೊಂಡಷ್ಟು ಗಿಟ್ಟಲಿಲ್ಲ, ಅದೂ ಸರಿ. ತಿರುವಿಗೆ ನುಗ್ಗುವಾಗ ಗಿಟ್ಟಿತು.

1975ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಇದನ್ನು ಪತ್ರಕರ್ತರಿಗೆ ತೋರಿಸಿದಾಗ, ಹೊದಿಸಿದ ಬಟ್ಟೆಯೊಳಗೆ ಕಂಬಿ ಬಾಗಿಸಿಟ್ಟು ಮಾಮೂಲಿ ಚಕ್ರ ಇರುವ ಹಾಗೆ ಕಾಣಿಸಿದ್ದರಂತೆ. ಬಟ್ಟೆ ತೆಗೆದ ಮೇಲೆ ಸುಮಾರು ಜನ ಇದು ಚೇಷ್ಟೆ ಅಂದುಕೊಂಡರು. ಆ ಮಾತು ಇವತ್ತಿಗೂ ನಿಂತಿಲ್ಲ, ನಿಮ್ಮ ಪುರವಣಿಯೇ ಸಾಕ್ಷಿ.

ಎರಡು ಜೊತೆ ಮುಂಗಾಲು ತಿರುಗಿಸುವುದು ಸುಲಭದ ಮಾತಲ್ಲ. ನಮ್ಮ ಹೆದ್ದಾರಿಯ ಹನ್ನೆರಡು ಚಕ್ರದ ಲಾರಿ ನೋಡಿದ್ದೀರಲ್ಲ, ಮುಂದೆ ಎರಡು ಆಕ್ಸಲ್, ಎರಡೂ ಸ್ಟೇರಿಂಗಿಗೆ ತಿರುಗುತ್ತವೆ. ಟಿರೆಲ್‌ನಲ್ಲೂ ಸ್ಟೇರಿಂಗ್ ತಾಗುವುದು ಮೊದಲ ಜೊತೆಗೆ, ಅಲ್ಲಿಂದ ಲಿಂಕ್ ಹಾಕಿ ಎರಡನೇ ಜೊತೆ ತಿರುಗಿಸಿದ್ದರು. ಲಾರಿಯಲ್ಲಿ ಆ ನಡುವಿನ ಲಿಂಕ್ ಒಂಚೂರು ಆಚೀಚೆ ಆದರೂ ಸಾಕು, ಒಂದು ಆಕ್ಸಲ್ ಒಂದು ದಿಕ್ಕು, ಇನ್ನೊಂದು ಇನ್ನೊಂದು ದಿಕ್ಕು. ಡ್ರೈವರ್‌ಗೆ ಗೊತ್ತಾಗುವುದೇ ಇಲ್ಲ, ಗಾಡಿ ನೆಟ್ಟಗೇ ಹೋಗುತ್ತಿರುತ್ತದೆ. ಎರಡನೇ ಆಕ್ಸಲ್ಲಿನ ಟೈರ್ ಮೇಲೆ ಅಂಗೈ ಆಡಿಸಿ ನೋಡಬೇಕು. ಅಡ್ಡಕ್ಕೆ ಒಂದು ಕಡೆಗೆ ಸವರಿದರೆ ನುಣ್ಣಗೆ, ಎದುರು ಕಡೆಗೆ ಸವರಿದರೆ ಗರಗಸದ ಹಲ್ಲು ಕೈಗೆ ಚುಚ್ಚುತ್ತದೆ. ಮಾಲೀಕರು ಟೈರ್ ಕಂಪನಿಗೆ ಬೈಯುತ್ತಾ ಬರುತ್ತಾರೆ. ನಾವು ಟೈರ್ ಮುಟ್ಟುವುದಿಲ್ಲ, ಲಿಂಕಿನ ನಟ್ ಸಡಿಲಿಸಿ ಎರಡೂ ಆಕ್ಸಲ್ ಹೊಂದಿಸಿ ಕಳಿಸುತ್ತೇವೆ. ಅಂಥ ಜೋಡಣೆಯನ್ನು 1976ರಲ್ಲಿ ರೇಸಿನ ವೇಗಕ್ಕೆ ಮಾಡಿ ನಿಲ್ಲಿಸಿದವರ ಕೈಗೆ ನಾನು ನಮಸ್ಕಾರ ಹೇಳುತ್ತೇನೆ. ಡ್ರೈವರ್ ಕೂರುವ ಜಾಗದ ಎರಡೂ ಪಕ್ಕಕ್ಕೆ ಪುಟ್ಟ ಕಿಟಕಿ ಬೇರೆ ಇಟ್ಟಿದ್ದರು, ಕೂತಲ್ಲಿಂದಲೇ ಮುಂದಿನ ಟೈರ್ ಕಾಣಲಿ ಅಂತ. ಟೈರ್ ನೋಡಿಕೊಂಡು ಓಡಿಸು ಎನ್ನುವ ಮಾಲೀಕರು ನಮ್ಮಲ್ಲೂ ಇದ್ದಾರೆ, ಕಿಟಕಿ ಇಟ್ಟುಕೊಟ್ಟವರು ಯಾರೂ ಇಲ್ಲ.

ಹಾಗಾದರೆ ಕೆಟ್ಟದ್ದು ಎಲ್ಲಿ? 1977ರಲ್ಲಿ. ಶೆಕ್ಟರ್‌ಗೆ ಆ ಕಾರು ಕಂಡರೆ ಆಗುತ್ತಿರಲಿಲ್ಲ, ವುಲ್ಫ್ ತಂಡಕ್ಕೆ ಹೋದ. ರೋನಿ ಪೀಟರ್ಸನ್ ಬಂದ. ಕಾರು ದಪ್ಪವಾಯಿತು, ಭಾರವಾಯಿತು. ಇದೆಲ್ಲ ಇದ್ದದ್ದೇ. ಮುಖ್ಯ ವಿಷಯ ಟೈರ್. 10 ಇಂಚಿನ ಟೈರ್ ಬೇಕಾದದ್ದು ಇಡೀ ರೇಸಿನಲ್ಲಿ ಒಂದೇ ತಂಡಕ್ಕೆ. ಗುಡ್‌ಇಯರ್ ಉಳಿದವರಿಗೆಲ್ಲ ಕೊಡುತ್ತಿದ್ದ ಅಳತೆಯನ್ನು ಸುಧಾರಿಸುತ್ತಾ ಹೋಯಿತು. ಆ ವರ್ಷದ ಜುಲೈನಲ್ಲಿ ರೆನೋ ತಂಡದ ಜೊತೆ ಮಿಶೆಲಿನ್ ಟೈರ್ ಕಂಪನಿ ಕೂಡ ಬಂದ ಮೇಲೆ ಒಬ್ಬರಿಗೋಸ್ಕರ ಚಿಕ್ಕ ಟೈರಿನ ಕೆಲಸಕ್ಕೆ ಕೂರಲು ಯಾರಿಗೆ ಪುರುಸೊತ್ತು? ಟಿರೆಲ್‌ನ ಹಿಂದಿನ ಟೈರ್ ಎಲ್ಲರಿಗೂ ಸಿಗುವ ಹೊಸದು, ಮುಂದಿನದು ಸುಧಾರಣೆ ಕಾಣದೆ ಉಳಿದದ್ದು. ಹಿಂದಿನ ಟೈರ್ ರಸ್ತೆ ಕಚ್ಚುತ್ತದೆ, ಮುಂದಿನದು ಕಚ್ಚುವುದಿಲ್ಲ. ಸ್ಟೇರಿಂಗ್ ತಿರುಗಿಸಿದರೂ ಮೂತಿ ನೇರ ಹೋಗುತ್ತದೆ. ಸರಿಮಾಡಲು ಮುಂದಿನ ಚಕ್ರಗಳನ್ನು ಆಚೆಗೆ ತಂದು ಅಗಲ ಮಾಡಿದರು. ಆಗ ಅವು ಮೂತಿಯ ಮರೆಯಿಂದ ಹೊರಬಿದ್ದವು. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದ್ದರೋ ಅದೇ ಹೋಯಿತು. ಕೆನಡಾದಲ್ಲಿ ದೆಪಾಯೆ ಎರಡನೇ, ಬೆಲ್ಜಿಯಂನಲ್ಲಿ ಪೀಟರ್ಸನ್ ಮೂರನೇ, ಹೀಗೆ ಅಲ್ಲೊಂದು ಇಲ್ಲೊಂದು. 71 ಅಂಕದ ತಂಡ 27ಕ್ಕೆ ಇಳಿಯಿತು. 1978ಕ್ಕೆ ಟಿರೆಲ್ ನಾಲ್ಕು ಚಕ್ರಕ್ಕೆ ವಾಪಸ್ಸು. ದೆಪಾಯೆ ಆ ನಾಲ್ಕು ಚಕ್ರದ ಕಾರಿನಲ್ಲಿ ಮೊನಾಕೊ ರೇಸು ಗೆದ್ದ.

ಟೈರ್ ವ್ಯಾಪಾರದಲ್ಲಿ ಇರುವವರಿಗೆ ಇದು ಹೊಸ ಕಥೆ ಅಲ್ಲ. ಓಡದ ಸೈಜಿಗೆ ಕಂಪನಿ ಅಚ್ಚು ಇಡುವುದಿಲ್ಲ. ಅದು ಕಂಪನಿಯ ತಪ್ಪು ಅಂತಲೂ ನಾನು ಹೇಳುವುದಿಲ್ಲ.

‘ಆರು ಚಕ್ರ ಸೋತಿದ್ದರಿಂದ ನಿಷೇಧವಾಯಿತು’ ಎಂದೂ ಬರೆದಿದ್ದೀರಿ. ನಾಲ್ಕೇ ಚಕ್ರ ಇರಬೇಕು ಎಂಬ ನಿಯಮ ಬಂದದ್ದು 1983ಕ್ಕೆ, ಪಿ34 ನಿಂತು ಐದು ವರ್ಷದ ಮೇಲೆ. ಸೋತ ಉಪಾಯಕ್ಕೆ ಯಾರಾದರೂ ಬೀಗ ಹಾಕುತ್ತಾರಾ?

ನನ್ನ ಮಾತಿಗೆ ಗಟ್ಟಿ ಆಧಾರ ಇನ್ನೊಂದಿದೆ. ಹಳೆಯ ಫಾರ್ಮುಲಾ ಒನ್ ಕಾರುಗಳಿಗೇ ಬೇರೆ ರೇಸು ನಡೆಯುತ್ತವೆ. ಅಲ್ಲಿ ಓಡಿಸಲು ಒಂದು ಪಿ34ಕ್ಕೆ ಏವನ್ ಕಂಪನಿಯವರು 10 ಇಂಚಿನ ಹೊಸ ಟೈರ್ ಮಾಡಿಕೊಟ್ಟರು. ಅದೇ ಕಾರಿನಲ್ಲಿ ಮಾರ್ಟಿನ್ ಸ್ಟ್ರೆಟನ್ 2000ದಲ್ಲಿ ಆ ಸರಣಿಯ ಚಾಂಪಿಯನ್ ಆದರು. ಹಳೆ ಕಾರು, ಹೊಸ ರಬ್ಬರ್.

ತಿದ್ದುಪಡಿ ಹಾಕುವುದಾದರೆ ಈ ಕೊನೆಯ ಸಂಗತಿಯನ್ನು ಬಿಡದೆ ಹಾಕಿ. ಮತ್ತೊಂದು ಕೋರಿಕೆ: ನಿಮ್ಮ ಕ್ರೀಡಾ ಪುಟದಲ್ಲಿ ರೇಸಿನ ಸುದ್ದಿ ಅಂದರೆ ಗೆದ್ದವನ ಹೆಸರು, ಷಾಂಪೇನ್ ಚೆಲ್ಲುವ ಫೋಟೋ, ಅಷ್ಟೇ. ಯಾರು ಯಾವ ಟೈರಿನಲ್ಲಿ ಹೊರಟರು, ಎಷ್ಟನೇ ಸುತ್ತಿಗೆ ಬದಲಿಸಿದರು ಅನ್ನುವುದನ್ನು ಒಂದು ಸಾಲಿನಲ್ಲಿ ಕೊಡಿ. ಬೆಳಿಗ್ಗೆ ಅಂಗಡಿ ತೆಗೆದ ತಕ್ಷಣ ನಮ್ಮ ಹುಡುಗರು ಮೊದಲು ಹುಡುಕುವುದು ಅದನ್ನೇ.

ಇತಿ,
ಟೈರ್ ಅಂಗಡಿಯ ಓದುಗ, ದಾವಣಗೆರೆ